ನಾಲ್ಕು ಬೆರಳು ದೂರದ ಕೋಲು

ಜನವರಿ ೩, ಶನಿವಾರ

ಈ ಡೈರಿ ಮೂರು ವರ್ಷ ಹಳೆಯದು. ಚಿಗವ್ವ ಮಾಳಮ್ಮ ಅಂಗಳ ಗುಡಿಸುವ ವಕೀಲರ ಮನೆಯಲ್ಲಿ ಕಸಕ್ಕೆ ಹಾಕಿದ್ದರು. ಒಳಗೆ ಒಂದು ಅಕ್ಷರವೂ ಇಲ್ಲ. ಇಂದಿನ ಪುಟದಲ್ಲಿ ಮಂಗಳವಾರ ಎಂದು ಅಚ್ಚಾಗಿದೆ. ಅದನ್ನು ಹೊಡೆದು ಶನಿವಾರ ಎಂದು ಬರೆದೆ. ೧೯೩೯ನ್ನು ಹೊಡೆದು ೧೯೪೨ ಮಾಡಿದೆ. ಶಾಲೆಯಲ್ಲಿ ಎಲ್ಲ ವಿಷಯವೂ ಉರ್ದುವಿನಲ್ಲಿ. ಇಲ್ಲಿಯಾದರೂ ಶುದ್ಧ ಕನ್ನಡದಲ್ಲಿ ಬರೆಯಬೇಕೆಂದು ನಿಶ್ಚಯಿಸಿದ್ದೇನೆ.

ಶುಭ ಸಮಾಚಾರದಿಂದಲೇ ಆರಂಭಿಸುತ್ತೇನೆ. ಫೆಬ್ರವರಿಯಲ್ಲಿ ನಮ್ಮ ಹೈಸ್ಕೂಲಿನ ವಾರ್ಷಿಕ ಜಲಸಾ. ಎಲ್ಲರೂ ಗ್ಯಾದರಿಂಗ್ ಎನ್ನುತ್ತಾರೆ. ತಹಸೀಲ್ದಾರ ಸಾಹೇಬರು ಬರುತ್ತಾರೆ. ಹದಿನಾರು ಹುಡುಗರ ಕೋಲಾಟ ಇದೆ. ಪೂಜ್ಯ ಕಲ್ಯಾಣಪ್ಪ ಗುರುಗಳು ಆರಿಸಿದ ಹದಿನಾರರಲ್ಲಿ ನಾನೂ ಒಬ್ಬ. “ಅಮೃತ, ನಿನ್ನ ಎತ್ತರ ಸರಿ ಅದ, ತಾಳ ಅಂತೂ ಇವರೆಲ್ಲರಿಗಿಂತ ಚಲೋ ಅದ. ಯಾರು ಕಲಿಸ್ಯಾರೋ?” ಎಂದು ಕೇಳಿದರು. ಯಾರೂ ಇಲ್ಲ ಎಂದೆ.

ಸುಳ್ಳು ಹೇಳಿದೆ. ಅಪ್ಪ ಮಣ್ಣೂರಿನಲ್ಲಿ ಹಲಗೆ ಬಾರಿಸುತ್ತಾನೆ. ಮದುವೆಗೆ ಒಂದು ಪೆಟ್ಟು, ಡಂಗುರಕ್ಕೆ ಒಂದು, ಹೆಣಕ್ಕೆ ಒಂದು. ಭೀಮಾ ಹೊಳೆಯ ಆಚೆ ದಡದಲ್ಲಿ ನಿಂತು ಕೇಳಿದರೂ ಊರಿನಲ್ಲಿ ಏನು ನಡೆದಿದೆ ಎಂದು ಹೇಳಬಲ್ಲೆ. ಅದನ್ನು ಮರೆಯುವುದಕ್ಕಾಗಿಯೇ ಚಿಗವ್ವನ ಮನೆಯಲ್ಲಿದ್ದು ಆಳಂದದಲ್ಲಿ ಓದುತ್ತಿದ್ದೇನೆ. ಹಲಗೆಯ ಸದ್ದು ಕೇಳಿದರೆ ಈಗಲೂ ಕಿವಿ ಮುಚ್ಚಿಕೊಳ್ಳಬೇಕೆನಿಸುತ್ತದೆ.

ಗುರುಗಳು ಬರುವ ಮೊದಲು ಹೊಸ್ತಿಲ ಆಚೆ ಗೋಣಿತಟ್ಟು ಹಾಸಿಕೊಂಡು ಕುಳಿತವನು ನಾನು. ಕೇರಿಯ ಹುಡುಗನನ್ನು ಕೈಹಿಡಿಯದಿದ್ದರೂ ಕಣ್ಸನ್ನೆ ಮಾಡಿ ಒಳಗೆ ಕೂಡಿಸಿದವರು ಅವರು. ಬಸವಣ್ಣನವರ ನಾಡಿನಲ್ಲಿ ಮೇಲು ಕೀಳು ಇಲ್ಲ ಎನ್ನುತ್ತಾರೆ. ಅವರ ಋಣ ದೊಡ್ಡದು.

ಮಾರ್ಚ್ ೧೬ರ ಪುಟ ತೆರೆದು ಈಗಲೇ ಬರೆದಿಟ್ಟಿದ್ದೇನೆ: ‘ಇಂದು ಮೆಟ್ರಿಕ್ ಪರೀಕ್ಷೆ ಪ್ರಾರಂಭ. ಧೈರ್ಯದಿಂದಿರು, ಅಮೃತ.’

ಜನವರಿ ೬

ಮೊದಲ ತಾಲೀಮು. ಬಡಿಗ ದಶರಥ ಜಾಲಿಯ ಕಟ್ಟಿಗೆಯಿಂದ ಮೂವತ್ತೆರಡು ಕೋಲು ಮಾಡಿಕೊಟ್ಟಿದ್ದಾನೆ. ಎಲ್ಲ ಒಂದೇ ಅಳತೆ, ಒಂದೇ ಬಣ್ಣ. ಒಂದು ಚೀಲದಲ್ಲಿ ಬಂದವು. ಎಲ್ಲರೂ ಕೈಹಾಕಿ ಎರಡೆರಡು ತೆಗೆದುಕೊಂಡೆವು. ಎಲ್ಲರೊಂದಿಗೆ ನಾನೂ ಅದೇ ಚೀಲಕ್ಕೆ ಕೈಹಾಕಿದೆ!

ಕೋಲಾಟಕ್ಕೆ ಎರಡು ಸುತ್ತು. ಒಳಗಿನ ಎಂಟು ಜನ ನಿಂತಲ್ಲೇ ನಿಲ್ಲುತ್ತಾರೆ. ಹೊರಗಿನ ಎಂಟು ಜನ ಪದದ ಒಂದೊಂದು ನುಡಿಗೆ ಒಬ್ಬೊಬ್ಬರನ್ನು ದಾಟಿ ಮುಂದೆ ಸರಿಯುತ್ತಾರೆ. ನಾನು ಹೊರಗಿನವನು. ಮೊದಲು ಎದುರಾದವನು ಅಬ್ದುಲ್ ಗನಿ, ಪಿಂಜಾರರ ಹುಡುಗ. ಅವನ ಹೊಡೆತಕ್ಕೆ ಕೋಲು ಮುರಿಯಬೇಕು, ಹಾಗೆ ಹೊಡೆದ. ಎರಡನೆಯವನು ಅಣ್ಣಾರಾಯ, ಶಾಲೆಯ ಕಮಿಟಿ ಅಧ್ಯಕ್ಷರಾದ ದೌಲತರಾಯರ ಮಗ. ಅವನ ಕೋಲು ನನ್ನ ಕೋಲಿನ ತನಕ ಬಂದು ನಾಲ್ಕು ಬೆರಳು ದೂರದಲ್ಲಿ ನಿಂತುಬಿಟ್ಟಿತು. ಮೂರನೆಯವನದೂ ಹಾಗೆಯೇ. ನಾಲ್ಕನೆಯವನದೂ.

ನಾನೇ ತಾಳ ತಪ್ಪಿರಬೇಕು. ನಾಳೆ ಸರಿಪಡಿಸಿಕೊಳ್ಳುತ್ತೇನೆ.

ಜನವರಿ ೧೦

ತಾಳ ತಪ್ಪಿಲ್ಲ.

ಗುರುಗಳು ಕೈಯೆತ್ತಿ ನಿಲ್ಲಿಸಿದರು. “ಎಂಟು ಜೋಡಿ ಹೊಡದ್ರ ಎಂಟು ಸಪ್ಪಳ ಬರಬೇಕು. ಏಳೇ ಬರಾಕತ್ತಾವ. ಯಾರದು ಕಳ್ಳಕೋಲು?”

ಅಣ್ಣಾರಾಯ ಅಂಜದೆ ಹೇಳಿದ: “ನಂದ್ರಿ. ಅವನ ಕೋಲಿಗೆ ಹೊಡಿಬ್ಯಾಡಂತ ಮನ್ಯಾಗ ಹೇಳ್ಯಾರ.”

“ಹೊಡದ್ರ ಏನಾಗ್ತದೋ?”

“ಕಟಗಿ ಹಿಡಕೊಂಡು ಬರ್ತದಂತ್ರಿ.”

“ಏನು ಬರ್ತದ?” ಎಂದ ಗನಿ. “ಇರಿವಿ ಬರ್ತಾವೇನಲೇ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಗನಿ ಬಿಡಲಿಲ್ಲ. “ನಿಮ್ಮ ಹೊಲದಾಗ ಕುಂಟಿ ಹೊಡಿಯೋರು ಇವರ ಕೇರಿಯವರೇ ಹೌದಲ್ಲೋ? ಆ ಕುಂಟಿ ಸಂಜಿಕ ನಿಮ್ಮ ಮನಿ ಗ್ವಾಡಿಗೇ ಆನಸ್ತಾರಲ್ಲ, ಆವಾಗ ಹಾಯಂಗಿಲ್ಲೇನು?”

“ಅದು ಒಣ ಕಟಗಿ. ಒಣಾ ಇದ್ರ ನಡೀತದ. ಇಲ್ಲಿ ಕೈ ಬೆವರ್ತದ, ಕಟಗಿ ಹಸಿ ಆಗ್ತದ. ಹಸಿ ಆದ್ರ ಹಾಯ್ತದ.”

ಅರ್ಧ ತಾಸು ಇದೇ ಚರ್ಚೆ, ಕಚೇರಿಯಲ್ಲಿ ಮೊಕದ್ದಮೆ ನಡೆದ ಹಾಗೆ. ಎಲ್ಲರೂ ಮಾತಾಡಿದರು. ನನ್ನನ್ನು ಯಾರೂ ಕೇಳಲಿಲ್ಲ. ಕೊನೆಗೆ ಗುರುಗಳು ದಾರಿ ಕಂಡುಹಿಡಿದರು. ತಮ್ಮ ಖಾದಿಯ ಕರವಸ್ತ್ರವನ್ನು ನನ್ನ ಮುಂದೆ ಕಟ್ಟೆಯ ಮೇಲೆ ಇಟ್ಟರು. “ಒಂದೊಂದು ನುಡಿ ಮುಗದ ಕೂಡಲೇ ಕೈ ಒರಸ್ಕೋ ಅಮೃತ. ಬೆವರೇ ಇಲ್ಲಂದ್ರ ಇವರ ತಕರಾರೂ ಇಲ್ಲ.”

ಇಷ್ಟು ಸಹನೆ ಯಾವ ಗುರುಗಳಿಗೆ ಇರುತ್ತದೆ? ಕರವಸ್ತ್ರವನ್ನು ಒಗೆದು ಮಡಿಚಿ ಇಟ್ಟುಕೊಂಡಿದ್ದೇನೆ.

ಜನವರಿ ೧೭

ಈ ಚಳಿಯಲ್ಲೂ ನನ್ನ ಅಂಗೈ ಬೆವರುತ್ತದೆ. ಒರೆಸಿದಷ್ಟೂ ಬೆವರುತ್ತದೆ. ಕೈ ಒರೆಸುವ ಗಡಿಬಿಡಿಯಲ್ಲಿ ಮುಂದಿನ ನುಡಿಗೆ ತಡವಾಗುತ್ತದೆ. ಅದಕ್ಕೂ ನಗುತ್ತಾರೆ.

ಇವತ್ತು ಇನ್ನೊಂದು ತಕರಾರು. ತಾಲೀಮು ಮುಗಿದ ಮೇಲೆ ಎಲ್ಲರ ಕೋಲೂ ಒಂದೇ ಚೀಲಕ್ಕೆ ಬೀಳುತ್ತವೆ, ನಾಳೆ ಯಾರ ಕೋಲು ಯಾರ ಕೈಗೆ? ಗುರುಗಳು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: “ನಿನ್ನ ಎರಡಕ್ಕ ಒಂದು ಗುರುತು ಮಾಡ್ಕೊಂಡು ಬಿಡು. ಚೀಲದಾಗ ಬ್ಯಾಡ, ಬೇವಿನ ಗಿಡಕ್ಕ ಸಿಗಸು. ಮಕ್ಕಳು ಅವು, ತಿಳಿಯಂಗಿಲ್ಲ.”

ಚಿಗವ್ವನ ಹಳೆಯ ಕುಪ್ಪಸದ ಕೆಂಪು ಚೂರು ಹರಿದು ಕಟ್ಟಿದೆ. ಅವಳು ನೋಡಿದಳು.

“ಏನೋ ಅದು?”

“ಗುರುತು.”

“ಕೋಲಿಗೂ ಕೇರಿ ಮಾಡಿದ್ರೇನಪಾ?” ಎಂದಳು. ನಗುತ್ತಲೇ ಹೇಳಿದಳು. ಅವಳಿಗೆ ಅಕ್ಷರ ಬಾರದು, ಇಂಥದ್ದೆಲ್ಲ ಅರ್ಥವಾಗುವುದಿಲ್ಲ.

ಜನವರಿ ೨೧

ಹಿಂದಿನದನ್ನು ಓದಿದೆ. ಚಿಗವ್ವನ ಬಗ್ಗೆ ಹಾಗೆ ಬರೆಯಬಾರದಿತ್ತು.

ಜನವರಿ ೨೯

ದೌಲತರಾಯರು ಶಾಲೆಗೆ ಬಂದಿದ್ದರು. ಗುರುಗಳ ಜೊತೆ ಬಾಗಿಲು ಮುಚ್ಚಿ ಮಾತಾಡಿದರು. ಹೊರಗೆ ಬಂದ ಗುರುಗಳು ಸುತ್ತು ಬದಲು ಮಾಡಿದರು. ಹದಿನಾಲ್ಕು ಜನ ತಮ್ಮತಮ್ಮಲ್ಲಿ ಎರಡು ಸುತ್ತಾಗಿ ಆಡುವುದು. ಗನಿ, ನಾನು ಇಬ್ಬರೇ ನಟ್ಟನಡುವೆ ನಿಂತು ಒಬ್ಬರ ಕೋಲಿಗೆ ಒಬ್ಬರು ಹೊಡೆಯುವುದು.

“ಹೂವಿನ ನಡುವ ಇರೂದು ಏನು ಹೇಳು? ಕೇಸರ,” ಎಂದರು ಗುರುಗಳು.

“ಮದುವಿ ಆದಂಗ ಆತು ನೋಡಲೇ,” ಎಂದ ಗನಿ. “ನಾನು ದುಲ್ಹಾ, ನೀ ದುಲ್ಹನ್. ಸುತ್ತ ವರಾತಿ. ಉಣ್ಣಾಕ ಮಾತ್ರ ಯಾರೂ ಕರಿಯಂಗಿಲ್ಲ.”

ನಡುವಿನ ಸ್ಥಾನ ಗೌರವದ್ದೇ. ಸುತ್ತಲೂ ಹದಿನಾಲ್ಕು ಜನ ತಿರುಗುತ್ತಿರುವಾಗ ಮಾತ್ರ ಹಳೆ ಚಿಂದಿಯ ಬೊಂತಿ ಕಟ್ಟಿ ನಿಲ್ಲಿಸಿದ ಕಂಬದ ಹಾಗೆ ಅನ್ನಿಸಿತು. ಗನಿಯ ಕೋಲಿಗೆ ಬಹಳ ಜೋರಾಗಿ ಹೊಡೆದುಬಿಟ್ಟೆ. ಅವನ ಬೆರಳಿಗೆ ತಾಗಿತು. ಅವನು ಬೆರಳು ಬಾಯಲ್ಲಿಟ್ಟು ಚೀಪಿ, ಮುಂದಿನ ನುಡಿಗೆ ಕೋಲೆತ್ತಿದ.

ಫೆಬ್ರವರಿ ೫

ಗುರುಗಳಿಗೆ ತಿಳಿದುಹೋಗಿದೆ.

“ಮಣ್ಣೂರ ಮಲ್ಕಪ್ಪ ನಿಮ್ಮ ಅಪ್ಪನಂತಲ್ಲೋ. ಇಷ್ಟು ದಿನ ಹೇಳಲೇ ಇಲ್ಲ. ಸಾಹೇಬರು ಬರುವಾಗ ಅಗಸಿ ಬಾಗಿಲದಿಂದ ಶಾಲಿ ತನಕ ಹಲಗಿ ಬೇಕು. ಕರಸು.”

ಅಪ್ಪನಿಗೆ ಆರಾಮಿಲ್ಲ ಎಂದೆ. ಗುರುಗಳು ನಕ್ಕು, ಆಗಲೇ ಮಣ್ಣೂರಿನ ಪಾಟೀಲರಿಗೆ ಚೀಟಿ ಹೋಗಿದೆ ಎಂದರು. ಪಾಟೀಲ ದೌಲತರಾಯರ ಬೀಗನಂತೆ.

ಎಲ್ಲರ ಎದುರಿಗೆ ಅಪ್ಪ ಹಲಗೆ ಕೊರಳಿಗೆ ಹಾಕಿಕೊಂಡು ನಿಲ್ಲುತ್ತಾನೆ. ಅಣ್ಣಾರಾಯ ನೋಡುತ್ತಾನೆ. ಈ ಗ್ಯಾದರಿಂಗೇ ಬೇಡವಾಗಿತ್ತು.

ಫೆಬ್ರವರಿ ೧೩, ಶುಕ್ರವಾರ. ಶಾಲೆಗೆ ರಜೆ

ಅಪ್ಪ ಬಂದ. ಎರಡು ದಿನದ ಹಾದಿ, ನಡೆದೇ ಬಂದಿದ್ದಾನೆ. ಹಲಗೆಗೆ ಹೊಸ ಚರ್ಮ ಹಾಕಿದ್ದಾನೆ. ತಲೆಗೆ ಹೊಸ ರುಮಾಲು.

“ಹಲಗಿ ನೆಪ,” ಎಂದ. “ನೀ ಕುಣಿಯೂದು ನೋಡಾಕ ಬಂದೇನಿ.”

ಚಿಗವ್ವನ ಅಂಗಳದಲ್ಲಿ ಹೆಜ್ಜೆ ಹಾಕಿ ತೋರಿಸು ಎಂದ. ತೋರಿಸಿದೆ. ಕುಕ್ಕರಗಾಲಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕಿದ. “ಎರಡನೇ ಹೆಜ್ಜಿ ಒಂದೀಟು ಮುಂದ ಬೀಳಾಕತ್ತದ. ತಡದು ಹಾಕು. ಸಣ್ಣಾಂವ ಇದ್ದಾಗ ನಿನ್ನ ಬೆನ್ನ ಮ್ಯಾಲೆ ಇದೇ ಬಡದು ಮಲಗಿಸ್ತಿದ್ದೆ, ನೆನಪದೇನು?”

ನೆನಪಿತ್ತು. ಇಲ್ಲ ಎಂದೆ.

“ಯಾರ ಕೋಲಿಗೆ ಹೊಡೀತಿ?”

“ಎಲ್ಲಾರ ಕೋಲಿಗೂ.”

“ಗೌಡರ ಮಕ್ಕಳ ಕೋಲಿಗೂ?”

“ಹೂಂ.”

ಅಪ್ಪ ಚಿಗವ್ವನ ಕಡೆ ತಿರುಗಿ, “ಕೇಳಿದೇನಬೇ ಮಾಳವ್ವಾ?” ಎಂದ. ಚಿಗವ್ವ ಬೇವಿನ ಗಿಡದ ಕೆಂಪು ಚಿಂದಿಯ ಮಾತು ಎತ್ತಲಿಲ್ಲ. ಒಲೆಯ ಕಡೆ ಮುಖ ಮಾಡಿ ರೊಟ್ಟಿ ಬಡಿದಳು.

ಫೆಬ್ರವರಿ ೧೪

ಇವತ್ತು ಗ್ಯಾದರಿಂಗ್. ಬಂದ ಮೇಲೆ ಬರೆಯುತ್ತೇನೆ.

ಫೆಬ್ರವರಿ ೧೫

ನಿನ್ನೆ ಬರೆಯಲು ಆಗಲಿಲ್ಲ. ಗಲ್ಲ ಬಾತಿದೆ. ಇವತ್ತು ಒಂದೂ ಬಿಡದೆ ಬರೆಯುತ್ತೇನೆ.

ಅಪ್ಪ ಅಗಸಿಯಿಂದ ಶಾಲೆಯ ತನಕ ಹಲಗೆ ಬಾರಿಸಿಕೊಂಡು ಬಂದ. ಸಾಹೇಬರ ಮೋಟಾರು ಹಿಂದೆ ಮೆಲ್ಲಗೆ ಬಂತು. ಅಂಗಳದಲ್ಲಿ ಡೇರೆ, ಕುರ್ಚಿ, ನೆಲಕ್ಕೆ ಹಾಸಿದ ಜಾಜಮು. ಕುರ್ಚಿಯ ಮೇಲೆ ತಹಸೀಲ್ದಾರ ಸಾಹೇಬರು, ಪಕ್ಕದಲ್ಲಿ ದೌಲತರಾಯ, ಕಮಿಟಿಯವರು. ಅಪ್ಪನಿಗೆ ಹೊರಗೆ ಗೇಟಿನ ಹತ್ತಿರ ಜಾಗ ತೋರಿಸಿದರು. ಅಲ್ಲಿಂದ ಕಾಣುತ್ತಿರಲಿಲ್ಲ. ಅಪ್ಪ ಒಂದು ಕಲ್ಲಿನ ಮೇಲೆ ಹತ್ತಿ ನಿಂತ.

ನಮ್ಮ ಸರದಿ ಬಂತು. ಗುರುಗಳು ಚೀಲ ತಂದು ಜಾಜಮಿನ ಮೇಲೆ ಸುರಿದರು. ಮೂವತ್ತೆರಡು ಕೋಲು. ಮೂವತ್ತೆರಡಕ್ಕೂ ಕೆಂಪು ಅರಿವೆ ಕಟ್ಟಿತ್ತು.

“ಹೆಂಗ ಅದ?” ಎಂದರು ಗುರುಗಳು, ಖುಷಿಯಿಂದ. “ಅಮೃತನ ಕೋಲು ನೋಡಿ ನನಗ ಹೊಳೀತು. ಬೇವಿನ ಗಿಡದಾಗ ಎಷ್ಟು ಚಂದ ಕಾಣ್ತಿದ್ವು! ಎಲ್ಲಾವಕ್ಕೂ ಅದೇ ನಮೂನಿ ಕಟ್ಟಿಸಿಬಿಟ್ಟೆ.”

ಗುರುತು ಮಾಡಿಸಿದವರಿಗೆ ಗುರುತು ಮರೆತುಹೋಗಿತ್ತು. ಮರೆಯುವುದು ಅವರಿಗೆ ಆಗುತ್ತದೆ.

ಯಾರೂ ಬಗ್ಗಲಿಲ್ಲ. ಹದಿನಾಲ್ಕು ಜನ ಸಾಲಾಗಿ ನಿಂತು ಕೋಲಿನ ಗುಡ್ಡೆಯನ್ನು ನೋಡುತ್ತಿದ್ದಾರೆ, ಹಾವು ಬಿದ್ದಿರುವ ಹಾಗೆ. ಕುರ್ಚಿಯಲ್ಲಿ ಯಾರೋ ಕೆಮ್ಮಿದರು. ಅಣ್ಣಾರಾಯ ಸಣ್ಣ ದನಿಯಲ್ಲಿ, “ಇದರಾಗ ಅವನವು ಯಾವು ಎರಡು?” ಎಂದ.

ಆಗ ಗುರುಗಳಿಗೆ ಹೊಳೆಯಿತು. ಮುಖ ಸುಣ್ಣವಾಯಿತು. ನನ್ನ ಹತ್ತಿರ ಬಂದು ಬಾಯಿ ಮಾತ್ರ ಅಲುಗಿಸಿ ಹೇಳಿದರು: “ಅಮೃತ, ನಿನ್ನವು ತಗೊಂಡು ಬಾಜೂಕ ಆಗು. ಲಗು.”

ನನಗೆ ಗೊತ್ತಿತ್ತು. ಒಂದರ ತುದಿಗೆ ಕರಿ ಗಂಟು, ಇನ್ನೊಂದಕ್ಕೆ ಉದ್ದದ ಸೀಳು. ಕತ್ತಲಲ್ಲಿ ಕೊಟ್ಟರೂ ಹೇಳಬಲ್ಲೆ. ಎರಡೂ ಮೇಲೆಯೇ ಬಿದ್ದಿದ್ದವು. ಬಗ್ಗಿ ಎತ್ತಿಕೊಂಡಿದ್ದರೆ ಕೋಲಾಟ ಆಗುತ್ತಿತ್ತು. ನಾನು ನಡುವೆ ನಿಲ್ಲುತ್ತಿದ್ದೆ. ಅಪ್ಪ ಕಲ್ಲಿನ ಮೇಲಿಂದ ನೋಡುತ್ತಿದ್ದ.

“ಗೊತ್ತಿಲ್ರಿ,” ಎಂದೆ.

ಯಾಕೆ ಹಾಗೆಂದೆನೋ ತಿಳಿಯದು.

“ನೋಡು, ಗೊತ್ತಾಗ್ತದ. ನನ್ನ ಮರ್ಯಾದಿ ಉಳಸೋ.”

“ಗೊತ್ತಿಲ್ರಿ ಮಾಸ್ತರ.”

ಗನಿ ನಡುವೆ ಬಾಯಿ ಹಾಕಿದ: “ಯಾರಿಗೂ ಬ್ಯಾಡಂದ್ರ ಎಲ್ಲಾ ನನಗ ಕೊಡ್ರಿ ಮಾಸ್ತರ. ನಮ್ಮವ್ವನ ಒಲಿಗೆ ಒಂದು ವಾರ ಆಗ್ತಾವ.” ಹಿಂದೆ ಕೂತವರು ಗೊಳ್ಳೆಂದು ನಕ್ಕರು. ಆ ನಗು ಕುರ್ಚಿಗಳ ತನಕ ಹೋಯಿತು. ಕಲ್ಯಾಣಪ್ಪ ಮಾಸ್ತರರ ಕೈ ಎದ್ದದ್ದು ಕಾಣಿಸಿತು, ಬಿದ್ದದ್ದು ಕಾಣಿಸಲಿಲ್ಲ. ಕಿವಿಯಲ್ಲಿ ಗುಂಯ್ ಎಂದಿತು. ಕಣ್ಣು ತೆರೆದಾಗ ಅವರು ಹೊಡೆದ ಕೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತಿದ್ದರು. ಒರೆಸಿಕೊಳ್ಳುತ್ತಿದ್ದೇನೆಂದು ಅವರಿಗೇ ಗೊತ್ತಿರಲಿಲ್ಲ.

ನಾಲ್ಕು ವರ್ಷದಲ್ಲಿ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು.

ದೌಲತರಾಯ ಎದ್ದು ಗೇಟಿನ ಕಡೆ ಕೂಗಿದ: “ಏ ಮಲ್ಕ್ಯಾ! ಬಡಿಯಲೇ ಹಲಗಿ! ಸಾಹೇಬರು ಸುಮ್ಮ ಕುಂತಾರ!”

ಅಪ್ಪ ಕಲ್ಲಿನಿಂದ ಇಳಿದ. ಅವಸರ ಮಾಡಲಿಲ್ಲ. ಜೋಳದ ಒಣ ಸೊಪ್ಪೆ ಕೂಡಿಸಿ ಬೆಂಕಿ ಹಚ್ಚಿ, ಚರ್ಮ ಬಿಗಿಯಾಗುವ ತನಕ ಹಲಗೆ ಕಾಯಿಸಿದ. ಬೆರಳಿನಿಂದ ಮೀಟಿ ನೋಡಿದ. ಕೊರಳಿಗೆ ಹಾಕಿಕೊಂಡು ಡೇರೆಯ ಬಾಯಿಗೆ ಬಂದು ನಿಂತು ಹೊಡೆದ.

ಒಂದು ದಪ್ಪ ಪೆಟ್ಟು. ಬಿಡುವು. ಎರಡು ಸಣ್ಣ ಪೆಟ್ಟು. ಬಿಡುವು. ಮತ್ತೆ ಒಂದು ದಪ್ಪ.

ಹೆಣದ ಹಲಗೆ.

ಈ ಸೀಮೆಯಲ್ಲಿ ಅದು ಗೊತ್ತಿಲ್ಲದ ಕೂಸಿಲ್ಲ. ಹೆಂಗಸರು ಸೆರಗು ಬಾಯಿಗೆ ಹಿಡಿದರು. ಒಬ್ಬ ಮುದುಕ ಅಭ್ಯಾಸದಿಂದ ರುಮಾಲು ತೆಗೆದು ಎದ್ದು ನಿಂತ. ಕಮಿಟಿಯವರ ಮುಖದಲ್ಲಿ ರಕ್ತ ಇಲ್ಲ. ತಹಸೀಲ್ದಾರ ಸಾಹೇಬರು ಮಾತ್ರ ಹೈದರಾಬಾದ ಶಹರದವರು. ತಲೆ ತೂಗಿದರು, “ವಾಹ್, ಕ್ಯಾ ಬಾತ್ ಹೈ!” ಎಂದು ತಾಳಕ್ಕೆ ಸರಿಯಾಗಿ ಚಪ್ಪಾಳೆ ಹಾಕಲು ಶುರು ಮಾಡಿದರು. ಸಾಹೇಬರು ಚಪ್ಪಾಳೆ ಹಾಕಿದ ಮೇಲೆ ಯಾರು ಸುಮ್ಮನಿರಲಾದೀತು? ದೌಲತರಾಯ ಹಾಕಿದ. ಕಮಿಟಿಯವರು ಹಾಕಿದರು. ಕಲ್ಯಾಣಪ್ಪ ಹಾಕಿದ. ತಮ್ಮ ಹೆಣದ ಹಲಗೆಗೆ ತಾವೇ ಕೂತು ಚಪ್ಪಾಳೆ ತಟ್ಟಿದರು.

ಅಪ್ಪ ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ನಾನು ಕಿವಿ ಮುಚ್ಚಿಕೊಳ್ಳಲಿಲ್ಲ.

ಫೆಬ್ರವರಿ ೧೯

ಅಪ್ಪ ಅವತ್ತೇ ಊರಿಗೆ ಹೋದ. ನನ್ನ ಹೆಸರು ಶಾಲೆಯಿಂದ ತೆಗೆದಿದ್ದಾರೆ. ಮೂವತ್ತೆರಡೂ ಕೋಲು ಸುಟ್ಟರಂತೆ. ಗನಿ ಹೇಳಿದ. ಅವನಿಗೆ ಆರು ಛಡಿ ಏಟು, ಒಂದು ವಾರ ಹೊರಗೆ. “ಒಲಿಗೆ ಕೊಡ್ರಿ ಅಂದೆ, ಕೊಡಲಿಲ್ಲ ಬೇಮಾನರು,” ಎಂದ.

ಸಂಜೆ ಕಲ್ಯಾಣಪ್ಪ ಬಂದಿದ್ದ. ಕೇರಿಯೊಳಗೆ ಬರಲಿಲ್ಲ. ಬೇಲಿಯ ಆಚೆ ನಿಂತು ಕರೆದ. ಕಣ್ಣು ಕೆಂಪಾಗಿದ್ದವು. ನಿದ್ದೆ ಮಾಡಿದ ಹಾಗೆ ಕಾಣಲಿಲ್ಲ.

“ನಾ ಹೊಡಿಬಾರದಿತ್ತೋ ಅಮೃತ.”

ನಾನು ಬೇಲಿಯ ಈಚೆಯೇ ನಿಂತೆ.

“ಕಮಿಟಿಯವರಿಗೆ ಒಪ್ಪಿಸಿ ಬಂದೇನಿ. ನಿಮ್ಮ ಅಪ್ಪ ಬಂದು ದೌಲತರಾಯರ ಕಾಲಿಗೆ ಬಿದ್ದು, ಪೆಟ್ಟು ತಪ್ಪಿ ಬಿತ್ತು ಅಂದ್ರ ಸಾಕು. ಪರೀಕ್ಷಾಕ್ಕ ಕುಂದ್ರಸ್ತಾರ. ಒಂದು ತಿಂಗಳೂ ಉಳದಿಲ್ಲ. ನಿನ್ನ ಜನ್ಮ ಹಾಳು ಮಾಡ್ಕೋಬ್ಯಾಡ.”

“ಕೇಳ್ತೇನ್ರಿ,” ಎಂದೆ.

ಕರವಸ್ತ್ರ ತಂದು ಕೊಡಲು ಹೋದೆ. ಬೇಲಿಯ ಮೇಲೆ ಇಡು ಎಂದ.

ಮಾರ್ಚ್ ೧. ಮಣ್ಣೂರು

ಕೇಳೂದಕ್ಕ ಬಂದೆ.

ಪಾಟೀಲನಿಗೆ ದೌಲತರಾಯನ ಚೀಟಿ ನನಗಿಂತ ಮುಂಚೆ ಬಂದಿತ್ತು. ಪಾಟೀಲನ ಆಳುಗಳು ನಾಲ್ಕು ಮಂದಿ ಚಾವಡಿ ಮುಂದ ಅಪ್ಪನ ಬಲಗೈ ಕಲ್ಲಿನ ಮೇಲೆ ಇಡಿಸಿ ಹೊಡೆದಿದ್ದಾರೆ. ಮುಂಗೈ ಎರಡು ಕಡೆ ಮುರಿದದ. ಬಿದಿರು ಕಟ್ಟಿದ್ದಾರೆ. ಬೆರಳು ಮಡಿಚಾಕ ಬರೂದಿಲ್ಲ. ಹಲಗಿ ಹರದಿಲ್ಲ. ಊರಿಗೆ ಬೇಕಾಗ್ತದಂತ ಅದನ್ನ ಉಳಿಸ್ಯಾರ.

ಕಲ್ಯಾಣಪ್ಪನ ಮಾತು ಹೇಳಿದೆ. ಹೇಳಬಾರದಿತ್ತು. ಅಪ್ಪ ಎದ್ದು ಕುಂತ.

“ನಾಳೆ ಹೋಗೂಣು. ಕಾಲಿಗೆ ಬೀಳಾಕ ಕೈ ಯಾಕ ಬೇಕು?” ಅಂತ ನಕ್ಕ. “ಪೆಟ್ಟು ತಪ್ಪಿತು ಅಂತೇನಿ. ನೀ ಪರೀಕ್ಷಾ ಕುಂದ್ರು.”

“ಪೆಟ್ಟು ತಪ್ಪಿತ್ತೇನು?”

ಬಿದಿರು ಕಟ್ಟಿದ ಕೈ ನೋಡಿಕೊಂಡ. “ಇಲ್ಲ,” ಅಂದ.

“ಮತ್ತ ಬ್ಯಾಡ.”

ಮಾರ್ಚ್ ೯

ಏನೂ ಇಲ್ಲ. ಅಪ್ಪಗ ಜ್ವರ. ಕೇರಿಯವರಿಗೆ ಹೊಲದ ಕೆಲಸ ಬಂದ್ ಮಾಡ್ಯಾರ. ಕೆಲವರು ನಮ್ಮನ್ನ ಬೈತಾರ, ಕೆಲವರು ರೊಟ್ಟಿ ಕೊಟ್ಟು ಹೋಗ್ತಾರ. ಬೈಯೋರೂ ಅವರೇ, ಕೊಡೋರೂ ಅವರೇ.

ಮಾರ್ಚ್ ೧೬

ಈ ಪುಟದಾಗ ಮೊದಲೇ ಯಾರೋ ಬರದಾರ. ‘ಇಂದು ಮೆಟ್ರಿಕ್ ಪರೀಕ್ಷೆ ಪ್ರಾರಂಭ. ಧೈರ್ಯದಿಂದಿರು, ಅಮೃತ.’ ಅಕ್ಷರ ಚಂದ ಅವ. ಯಾರ ಹುಡುಗನೋ ಏನೋ.

ನಸುಕಿನಾಗ ಪಾಟೀಲನ ಅವ್ವ ಸತ್ತಳು. ಹೊತ್ತು ಏರೂದರೊಳಗ ಆಳು ಬಂದ, ಅಪ್ಪನ ಕೈ ಮುರಿದ ನಾಲ್ವರಾಗ ಒಬ್ಬ. ಅಂಗಳದ ಆಚೆ ನಿಂತ.

“ಮಲ್ಕ್ಯಾ, ಹಲಗಿ ತಗೊಂಡು ಬಾ ಅಂದಾರ.”

“ಅವನ ಕೈ ನೀವೇ ಮುರದೀರಿ,” ಅಂದೆ.

“ಹಂಗಾದ್ರ ನೀ ಬಾ. ನಿನಗೂ ಬರ್ತದಂತಲ್ಲ.”

“ಬರ್ತದ.”

“ಮತ್ತ ನಡಿ.”

“ನಿಮ್ಮದು ಆಳಂದದಾಗ ಹೊಡದು ಆಗ್ಯಾದ. ನಿಮ್ಮ ಪಾಟೀಲನ ಬೀಗ ಚಪ್ಪಾಳಿ ಸುದ್ದಾ ಹಾಕ್ಯಾನ. ಒಂದು ಹೆಣಕ್ಕ ಎರಡು ಸಲ ಹೊಡಿಯಂಗಿಲ್ಲ.”

ಅವನಿಗೆ ತಿಳಿಯಲಿಲ್ಲ. ನಿಂತು ನೋಡಿ ಹೋದ. ಹೋಗುವಾಗ ಓಡಿದ.

ಮಧ್ಯಾಹ್ನ ಹೆಣ ಹೋತು. ಹಲಗಿ ಇಲ್ಲದ ಹೆಣ ಈ ಊರಾಗ ಇದೇ ಮೊದಲು. ಬರೇ ಕಾಲಿನ ಸಪ್ಪಳ, ಅಳೂ ಸಪ್ಪಳ. ಅಪ್ಪ ಗ್ವಾಡಿಗೆ ಆತು ಕುಂತಿದ್ದ. ಎಡಗೈಯಿಂದ ತೊಡಿ ಮ್ಯಾಲೆ ಸಣ್ಣಗ ತಾಳ ಹಾಕಾಕತ್ತಿದ್ದ. ಹೆಣದ್ದಲ್ಲ. ಕೋಲಾಟದ್ದು.

“ಎರಡನೇ ಹೆಜ್ಜಿ ತಡದು ಹಾಕಂದಿದ್ದೆ,” ಅಂದ. “ಹಾಕಿ ತೋರಸು.”

ತೋರಿಸಿದೆ. ಕೋಲಿರಲಿಲ್ಲ. ಬರೇ ಕೈ ಎತ್ತಿ, ಮನಿಯೊಳಗ, ಒಬ್ಬನೇ. ಅಪ್ಪ ಹೌದೆಂಬಂತೆ ತಲಿ ಹಾಕಿದ.

ಈಗ ಹೊಳಿ ಕಡಿಂದ ಮಂದಿ ತಿರುಗಿ ಬರಾಕತ್ತಾರ. ನೇರ ಊರಿಗೆ ಹೊಂಟಿಲ್ಲ, ಕೇರಿ ಹಾದಿ ಹಿಡದಾರ. ಕೈಯಾಗ ಕೋಲು ಕಾಣ್ತಾವ. ಹದಿನೈದು ಹದಿನಾರು ಇರಬೇಕು. ಅಪ್ಪನ್ನ ಹಿಂದಿನ ಬಾಗಿಲದಿಂದ ಕೇರಿ ಕಡೀಕಿನ ಮುದುಕಿ ಮಲ್ಕಮ್ಮನ ಮನಿಗೆ ಕಳಿಸೇನಿ. ನಾ ಇಲ್ಲೇ ಇದ್ದೇನಿ.

ಅಂಗೈ ನೋಡಿಕೊಂಡೆ. ಬೆವತಿಲ್ಲ.

ಬರಲಿ. ಇವು ನಾಲ್ಕು ಬೆರಳು ದೂರ ನಿಲ್ಲೂ ಕೋಲಲ್ಲ.